ಚಂಪಿಯ ಮಳೆ

ನಮ್ಮ ಮನೆಯ ಮೇಲೆ ವರ್ಷವಿಡೀ ಮಳೆ. ಉಬ್ಬೆ ಹಾಕುವ ಮನೆ ಎಂದಮೇಲೆ ಅದು ತಪ್ಪಿದ್ದಲ್ಲ. ಊರಿನ ಕೊಳೆ ಬಟ್ಟೆಯೆಲ್ಲ ನನ್ನ ಹಿತ್ತಲಿಗೆ ಬರುತ್ತದೆ. ಚೌಳುಮಣ್ಣು ಹಚ್ಚಿ, ದೊಡ್ಡ ಹಂಡೆಯ ಬಾಯಿಯ ಮೇಲೆ ಗೋಪುರದ ಹಾಗೆ ಒಟ್ಟಿ, ಕೆಳಗೆ ಬೆಂಕಿ ಹಾಕಿ ಹಬೆಯಲ್ಲಿ ಬೇಯಿಸುತ್ತೇನೆ. ಆ ಹಬೆ ಮೇಲಕ್ಕೆ ಹೋಗಿ, ಒಂದಷ್ಟು ತಿರುಗಾಡಿಕೊಂಡು, ಮತ್ತೆ ನನ್ನ ಹಂಚಿನ ಮೇಲೆಯೇ ಬಂದು ಸುರಿಯುತ್ತದೆ. ನಮ್ಮ ಊರಿನಲ್ಲಿ ಯಾವ ಮನೆಯಿಂದ ಎದ್ದ ನೀರೋ ಆ ಮನೆಗೇ ಇಳಿಯುತ್ತದೆ, ಪಕ್ಕದ ಮನೆಯ ಸೂರಿಗೆ ಒಂದು ಹನಿಯೂ ತಾಗುವುದಿಲ್ಲ. ಒಗೆಯುವುದಕ್ಕೆ ನೀರು ಬೇಕಾದಷ್ಟು, ಒಣಗಿಸುವುದಕ್ಕೆ ಗೇಣು ಜಾಗವಿಲ್ಲ. ಅಗಸಗಿತ್ತಿಯ ಹಣೆಯಲ್ಲಿ ದೇವರು ಬೇಕೆಂದೇ ಹೀಗೆ ಬರೆದನೋ ಏನೋ.

ಹಾಗಾಗಿ ನಾನು ಒಣಹಾಕುತ್ತಿದ್ದದ್ದು ಪಕ್ಕದ ಹೊನ್ನವ್ವನ ಅಂಗಳದಲ್ಲಿ. ಅವಳು, ಅವಳ ಗಂಡ ದ್ಯಾಮಣ್ಣ ಜೊಂಡಿನ ಚಾಪೆ ಹೆಣೆಯುವವರು. ಜೊಂಡು ಒಣಗಿದಷ್ಟೂ ಚಾಪೆ ಚೆನ್ನ, ಆದ್ದರಿಂದ ಆ ಮನೆಯಲ್ಲಿ ಹಬೆ ಕಡಿಮೆ, ಮಳೆಯೂ ಕಡಿಮೆ. ನನ್ನ ಒದ್ದೆ ಬಟ್ಟೆ ಅವಳ ಅಂಗಳದಲ್ಲಿ ಆರುತ್ತಿತ್ತು, ಆರಿದ ನೀರು ಅವಳ ಮನೆಯ ಮಳೆಯಾಗಿ ಇಳಿಯುತ್ತಿತ್ತು. ನನಗೆ ಬಿಸಿಲು, ಅವಳಿಗೆ ಕುಡಿಯುವ ನೀರು. ಹೀಗೆ ಎಷ್ಟೋ ವರ್ಷ ನಡೆದಿತ್ತು, ಯಾರೂ ಯಾರಿಗೂ ಉಪಕಾರ ಮಾಡಿದೆವೆಂದು ಹೇಳಿಕೊಂಡವರಲ್ಲ.

ಹೊರಗಿನವರಿಗೆ ನಮ್ಮ ರೀತಿ ವಿಚಿತ್ರವಾಗಿ ಕಾಣುತ್ತದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಅವರ ಕಡೆ ಗಾದೆ ಇದೆಯಂತೆ. ನಮ್ಮ ಊರಿಗೆ ಬಂದವಳು ನೀರಿಗೆ ಹೋಗುವುದೇ ಇಲ್ಲ, ತನ್ನ ಸೂರಿನ ಕೆಳಗೆ ಕೊಡ ಇಟ್ಟುಕೊಂಡು ಕೂರುತ್ತಾಳೆ. ಮುಸುರೆ ನೀರನ್ನು ಯಾರೂ ಬಚ್ಚಲಿಗೆ ಚೆಲ್ಲುವುದಿಲ್ಲ. ಅಂಗಳದ ಕಾದ ಚಪ್ಪಡಿಯ ಮೇಲೆ ಹರಡಿ ಆರಲು ಬಿಡುತ್ತೇವೆ. ಮದುವೆಯಾಗಿ ಬರುವ ಹೆಣ್ಣು ತವರಿನಿಂದ ಒಂದು ತಾಮ್ರದ ಕೊಡ ನೀರು ತಂದು ಗಂಡನ ಮನೆಯ ಚಪ್ಪಡಿಯ ಮೇಲೆ ಸುರಿಯುತ್ತಾಳೆ. ಅದು ಹಬೆಯಾಡಿ ಮೇಲೆದ್ದಾಗ ಅವಳೂ ಅವಳ ತಾಯಿಯೂ ಅಳುತ್ತಾರೆ, ಮುಂದಿನ ಮಳೆಯಿಂದ ಅವಳು ಆ ಮನೆಯವಳು.

ಚಪ್ಪಡಿಗೂ ಸಿಗದೆ, ಸೂರಿಗೂ ಬಾರದೆ, ಮಣ್ಣಿನಲ್ಲಿ ಇಂಗಿ ತಪ್ಪಿಸಿಕೊಂಡ ನೀರು ಒಳಗೊಳಗೇ ಹರಿದು ಸಮುದ್ರ ಸೇರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸಮುದ್ರವನ್ನು ನಮ್ಮಲ್ಲಿ ಕಂಡವರಿಲ್ಲ. ಉಪ್ಪು ಮಾರುವವನು ಹೇಳಿದ್ದಷ್ಟೇ ಗೊತ್ತು: ಆಚೆ ದಡ ಕಾಣುವುದಿಲ್ಲ, ಬಾಯಿಗೆ ಹಾಕಿದರೆ ಕಣ್ಣೀರಿನ ರುಚಿ. ಮನೆ ಸಿಗದ ನೀರೆಲ್ಲ ಅಲ್ಲಿದೆ ಎಂದಮೇಲೆ ಅಷ್ಟು ದೊಡ್ಡದಿರುವುದು ಸಹಜ ಎಂದು ನಾವು ತಲೆ ಅಲ್ಲಾಡಿಸಿದೆವು.

ಸತ್ತವರ ನೀರೂ ಮನೆಗೇ ಬರುತ್ತದೆ. ಸುಟ್ಟವರದು ಬೇಗ, ಹೂಳಿದವರದು ತಡ. ಹೂಳಿದ ಜಾಗದ ಮೇಲೆ ಬಾಳೆಯ ಕಂದು ನೆಡುತ್ತೇವೆ. ಬೇರು ಕುಡಿಯಬೇಕು, ಕುಡಿದದ್ದನ್ನು ಎಲೆ ಗಾಳಿಗೆ ಬಿಡಬೇಕು, ಆಮೇಲೆ ಮೋಡ, ಆಮೇಲೆ ಮನೆ. ಆ ಮಳೆ ಬಂದಾಗ ಯಾರೂ ಗುರುತು ಹೇಳಬೇಕಾಗಿಲ್ಲ. ಹನಿ ಉಗುರುಬೆಚ್ಚಗಿರುತ್ತದೆ, ಸತ್ತವರ ನೆತ್ತಿಯ ವಾಸನೆ ಇರುತ್ತದೆ. ಬರುವುದು ಒಂದೇ ಸಲ. ಮನೆಯವರೆಲ್ಲ ಅಂಗಳಕ್ಕಿಳಿದು ನೆನೆಯುತ್ತಾರೆ, ಪಾತ್ರೆಯಲ್ಲಿ ಹಿಡಿಯುತ್ತಾರೆ, ಒಂದು ಗುಟುಕು ಕುಡಿದು ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಅದೂ ಮನೆಯ ನೀರಿನೊಳಗೆ ಒಂದಾಗಿ ಹೋಗುತ್ತದೆ. ನನ್ನ ಗಂಡನ ಮಳೆ ಬಂದಾಗ ಚೌಳುಮಣ್ಣಿನ ವಾಸನೆ ಹೊಡೆಯಿತು. ಬದುಕಿದ್ದಾಗಲೂ ಅವನ ಹತ್ತಿರ ಅದೇ ವಾಸನೆ, ಆ ಮನುಷ್ಯ ಸತ್ತ ಮೇಲೂ ನನಗೆ ಮೋಸ ಮಾಡಲಿಲ್ಲ.

ಆದರೆ ಸತ್ತವರ ಹಬೆ ಒಂಟಿಯಾಗಿ ಮಳೆಯಾಗಲಾರದು. ಇಳಿಯುವುದಕ್ಕೆ ಅದಕ್ಕೆ ಜೊತೆ ಬೇಕು. ಅದಕ್ಕೇ ಸಾವಾದ ಮನೆಗೆ ನೆಂಟರಿಷ್ಟರು ಬಂದು ಒಲೆಯ ಮೇಲೆ ಹಂಡೆ ಹಂಡೆ ನೀರು ಕುದಿಸಿ ಹೋಗುತ್ತಾರೆ. ಹಬೆ ಕೊಡುವುದು ಎನ್ನುತ್ತೇವೆ. ಜಗಳವಾಡಿ ಮಾತು ಬಿಟ್ಟವರೂ ಹಬೆ ಕೊಡಲು ಬರುತ್ತಾರೆ, ಕುದಿಸಿ, ಮಾತಾಡದೆ ಎದ್ದು ಹೋಗುತ್ತಾರೆ.

ಚಂಪಿ ಹೊನ್ನವ್ವನ ಒಬ್ಬಳೇ ಮಗಳು. ನನ್ನನ್ನು ದೊಡ್ಡವ್ವಾ ಎನ್ನುತ್ತಿದ್ದಳು. ಒಣಹಾಕಿದ ಸೀರೆಗಳ ನಡುವೆ ನುಸುಳಿ ಓಡುತ್ತ, ಒದ್ದೆ ಸೆರಗಿಗೆ ಮುಖ ಒತ್ತಿ ಅದರ ಮೇಲೆ ತನ್ನ ಮೂಗಿನ ಗುರುತು ಮೂಡಿಸುತ್ತಿದ್ದಳು. ಗದರಿದರೆ, ಇದು ಯಾರ ಸೀರಿ ದೊಡ್ಡವ್ವಾ, ಆಕಿ ಮೂಗು ನನ್ನಂಗ ಐತೇನು ಎಂದು ಕೇಳುತ್ತಿದ್ದಳು. ಹಲ್ಲು ಬೀಳುವ ವಯಸ್ಸು ಇನ್ನೂ ಬಂದಿರಲಿಲ್ಲ. ಅವಳಿಗೆ ಜ್ವರ ಬಂತು. ಹೊನ್ನವ್ವ ಹಗಲೂ ರಾತ್ರಿ ಪಕ್ಕದಲ್ಲಿ ಕೂತು, ಅಂಗೈ ಮಗುಚಿ ಹಣೆ ಮುಟ್ಟಿ ನೋಡುವುದು, ಒದ್ದೆ ಅರಿವೆ ಹಾಕುವುದು, ಮತ್ತೆ ಮುಟ್ಟಿ ನೋಡುವುದು. ಔಷಧ ಕೊಟ್ಟವನು ಬೆವರಿದರೆ ಬದುಕಿತು ಎಂದ. ಮಗು ಬೆವರಲಿಲ್ಲ. ಮೈ ಸುಡುತ್ತಿದ್ದ ಹಾಗೆಯೇ ಹೋಗಿಬಿಟ್ಟಿತು. ಊರಾಚೆ ಹೂಳಿ, ದ್ಯಾಮಣ್ಣನೇ ಬಾಳೆಯ ಕಂದು ನೆಟ್ಟು ಬಂದ.

ಮರುದಿನ ನಾವು ನಾಲ್ಕಾರು ಹೆಂಗಸರು ಸೌದೆ ಹೊತ್ತು ಹಬೆ ಕೊಡಲು ಹೋದೆವು. ಹೊನ್ನವ್ವ ಬಾಗಿಲಲ್ಲೇ ನಿಂತಿದ್ದಳು.

"ಒಲಿ ಹಚ್ಚಬ್ಯಾಡ್ರಿ," ಎಂದಳು.

ಅವಳ ಅತ್ತಿಗೆಗೆ ಅರ್ಥವಾಗಲಿಲ್ಲ. "ಹಬಿ ಕೊಡಾಕ ಬಂದೀವವ್ವಾ. ಕೂಸು ಇಳಿದು ಬರಬೇಕಲ್ಲ?"

"ಆಕಿ ಮೈಯಾಗ ಎಷ್ಟು ನೀರಿದ್ದೀತು ವೈನಿ? ಒಂದು ಕೊಡ. ನೀವೆಲ್ಲ ಹಂಡೆಗಟ್ಟಲೆ ಕುದಿಸಿದ್ರ ಅದರಾಗ ನನ್ನ ಮಗಳು ಎಲ್ಲಿ ಸಿಗ್ತಾಳ ನನಗ? ಬರೇ ಆಕಿ ಬರಲಿ. ಒಂದ ಹನಿ ಬಂದ್ರೂ ಸಾಕು, ಅದು ಆಕಿದ ಆಗಿರಲಿ."

ದೊಡ್ಡವರು ಸತ್ತಾಗ ಹೀಗೆ ಯಾರೂ ಯೋಚಿಸುವುದಿಲ್ಲ. ದೊಡ್ಡವರ ನೀರು ಎಷ್ಟು ಹಬೆಯೊಳಗಿದ್ದರೂ ವಾಸನೆ ಕೊಡುತ್ತದೆ. ಇಷ್ಟು ಸಣ್ಣ ಮಗುವನ್ನು ಕಳೆದುಕೊಂಡವಳ ಲೆಕ್ಕಾಚಾರ ಬೇರೆ. ನಾವು ಸೌದೆ ಹೊತ್ತುಕೊಂಡು ವಾಪಸು ಬಂದೆವು.

ಅಂದಿನಿಂದ ಆ ಮನೆಯಲ್ಲಿ ಒಲೆ ಉರಿಯಲಿಲ್ಲ. ಚಪ್ಪಡಿಗೆ ನೀರು ಹರಡಲಿಲ್ಲ. ಹೊನ್ನವ್ವ ನೆನೆಸಿದ ಅವಲಕ್ಕಿ ತಿಂದು, ಅರಿವೆ ತೋಯಿಸಿ ಮೈ ಒರೆಸಿಕೊಂಡು, ಆ ಅರಿವೆಯನ್ನೂ ಗಡಿಗೆಯೊಳಗಿಟ್ಟು ಮುಚ್ಚಳ ಮುಚ್ಚುತ್ತಿದ್ದಳು. ತನ್ನ ಕಣ್ಣೀರು ಕೆನ್ನೆಯ ಮೇಲೆ ಆರದಂತೆ ಕೂಡಲೇ ಒರೆಸಿಕೊಳ್ಳುತ್ತಿದ್ದಳು. ಒಂದು ದಿನ ಗೋಡೆಯ ಹತ್ತಿರ ಬಂದು ನನ್ನನ್ನೂ ಕೇಳಿದಳು: "ಮಾಚಕ್ಕಾ, ಸಿಟ್ಟಾಗಬ್ಯಾಡ. ನಿನ್ನ ಬಟ್ಟಿ ನಮ್ಮ ಅಂಗಳದಾಗ ಬ್ಯಾಡ."

ನಾನು ಸಿಟ್ಟಾಗಲಿಲ್ಲ. ಆದರೆ ಬಟ್ಟೆ ಎಲ್ಲಿ ಒಣಗಿಸಲಿ? ಊರ ಹೊರಗಿನ ಬಂಡೆಯವರೆಗೆ ಹೊತ್ತುಕೊಂಡು ಹೋದರೆ ಬರುವಷ್ಟರಲ್ಲಿ ಮತ್ತೆ ದೂಳು. ಮದುವೆಗೆ ಹೊರಟ ಯಜಮಾನರೊಬ್ಬರು ಹಸಿ ಪಂಚೆ ಉಟ್ಟು ಹೋಗಿ, ದಾರಿಯುದ್ದಕ್ಕೂ ನನ್ನನ್ನು ಬೈದರಂತೆ. ಬೈಯಲಿ. ಬೈಗುಳದಿಂದ ಯಾರಿಗೂ ನೆಗಡಿಯಾಗುವುದಿಲ್ಲ.

ದ್ಯಾಮಣ್ಣ ಊಟಕ್ಕೆ ನಮ್ಮ ಮನೆಗೆ ಬರತೊಡಗಿದ. ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದ, ಬಾಯಿಗಿಡುವುದು ಮರೆತೇ ಹೋಗುತ್ತಿತ್ತು. ಬಾಳೆಯ ಸುದ್ದಿ ನನಗೆ ಅವನೇ ಹೇಳುತ್ತಿದ್ದದ್ದು. ಸುರುಳಿ ಬಂದೈತಿ, ಎಲಿ ಬಿಚ್ಚೈತಿ, ಎರಡನೇ ಎಲಿ ನನ್ನ ಎತ್ತರ ಐತಿ. ಹೇಳುವಾಗ ಅವನ ದನಿಯಲ್ಲಿ ಮಗುವಿನ ಬೆಳವಣಿಗೆ ಹೇಳುವ ತಂದೆಯ ಸಂತೋಷ ಇಣುಕುತ್ತಿತ್ತು, ಅದು ತಿಳಿದು ತಾನೇ ನಾಚುತ್ತಿದ್ದ.

"ನೀನರೆ ಒಂದ್ ಮಾತು ಹೇಳಕ್ಕಾ," ಎಂದ ಒಂದು ದಿನ. "ಎಲಿ ನೀರು ಬಿಡಾಕತ್ತಾವ. ಆಕಿ ಮ್ಯಾಲೆ ಬಂದು ನಿಂತಿದ್ದಾಳು. ಕೆಳಗ ನೋಡಿದ್ರ ನಮ್ಮನಿ ಮಸಣ ಆಗೈತಿ."

ಹೋಗಿ ಹೇಳಿದೆ. ಮೆಲ್ಲಗೆ ಹೇಳುವುದು ನನ್ನ ಜಾಯಮಾನವಲ್ಲ, ಆದರೂ ಮೆಲ್ಲಗೆ ಹೇಳಿದೆ. ಒಂದು ಚೆರಿಗೆ ನೀರಾದರೂ ಕುದಿಸು, ಜೊತೆಯಿಲ್ಲದೆ ಇಳಿಯಲಾರದು ಎಂದೆ. ಹೊನ್ನವ್ವ ನನ್ನ ಕೈ ಹಿಡಿದುಕೊಂಡಳು. ಅವಳ ತುಟಿಗಳು ಒಣಗಿ ಬಿರಿದಿದ್ದವು, ಮನೆಯ ಗಡಿಗೆಗಳೆಲ್ಲ ತಳ ಕಂಡಿದ್ದವು. "ನನ್ನ ಮಗಳು ಗಟ್ಟಿ ಅಕ್ಕಾ," ಎಂದಳು. "ಹೆಜ್ಜಿ ಇಡೋದನ್ನೂ ಯಾರ ಕೈ ಹಿಡೀದನ ಕಲಿತಾಕಿ. ಬರ್ತಾಳ." ನಾನು ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದು ಬಂದೆ. ಇನ್ನೂ ಹೇಳಬೇಕಾಗಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ.

ಅದಾದ ಮೇಲೊಂದು ಮಧ್ಯಾಹ್ನ ಉಬ್ಬೆಗೆ ಬೆಂಕಿ ಹಾಕಿ, ಕೋಲಿನಿಂದ ಬಟ್ಟೆ ಸರಿಮಾಡುತ್ತಿದ್ದೆ. ಮಳೆ ಶುರುವಾಯಿತು. ನನಗೆ ಮಳೆಯೇನು ಹೊಸದೇ, ತಲೆಯ ಮೇಲೆ ಗೋಣಿ ಹಾಕಿಕೊಂಡು ಕೆಲಸ ಮುಂದುವರಿಸಿದೆ. ಮುಂಗೈ ಮೇಲೆ ಒಂದು ಹನಿ ಬಿತ್ತು. ಬೆಚ್ಚಗಿತ್ತು. ಉಬ್ಬೆಯ ಹಬೆ ತಾಗಿರಬೇಕು ಎಂದುಕೊಂಡೆ. ಇನ್ನೊಂದು ಬಿತ್ತು, ಮತ್ತೊಂದು. ಆಮೇಲೆ ವಾಸನೆ ಬಂತು. ಬಿಸಿಲಲ್ಲಿ ಆಡಿ ಬಂದ ಮಗುವಿನ ನೆತ್ತಿ, ಅದರೊಳಗೆ ಒಣ ಜೊಂಡಿನ ವಾಸನೆ. ಕೋಲು ನನ್ನ ಕೈಯಿಂದ ಬಿತ್ತು. ನಮ್ಮಿಬ್ಬರ ಮನೆಯ ನಡುವಿನದು ಸೊಂಟದೆತ್ತರದ ಗೋಡೆ. ಈಚೆ ಮಳೆ, ಆಚೆ ಬಿಸಿಲು. ಆಚೆ ಹೊನ್ನವ್ವ ತನ್ನ ಅಂಗಳದ ನಡುವೆ ಗಡಿಗೆಗಳನ್ನು ಬಾಯಿ ಮೇಲೆ ಮಾಡಿಟ್ಟುಕೊಂಡು ಕೂತಿದ್ದಳು.

"ಹೊನ್ನವ್ವಾ, ಬಾರವ್ವಾ. ಚಂಪಿ ಬಂದಾಳ," ಎಂದೆ.

ಅವಳು ಎದ್ದು ಗೋಡೆಯವರೆಗೆ ಬಂದಳು. ನನ್ನ ಕಡೆ ನೋಡಿದಳು, ಮಳೆಯ ಕಡೆ ನೋಡಿದಳು. "ಅದು ನಿನ್ನ ಉಬ್ಬಿ ನೀರಕ್ಕಾ."

"ಕೈ ಚಾಚಿ ನೋಡವ್ವಾ. ಬೆಚ್ಚಗೈತಿ."

"ಉಬ್ಬಿ ನೀರು ಬೆಚ್ಚಗ ಇರದ ಏನು?"

"ವಾಸನಿ ಬರೂದಿಲ್ಲೇನು ನಿನಗ?"

ಬಂದಿತ್ತು. ಅವಳ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ಕಂಡೆ. ಒಂದು ಕೈ ಗೋಡೆಯ ಮೇಲಿಂದ ಅರ್ಧ ಬಂದು ಅಲ್ಲೇ ನಿಂತಿತು. "ನಾ ಇಲ್ಲಿಂದ ಸರಿಯಾಂಗಿಲ್ಲಕ್ಕಾ," ಎಂದಳು, ತುಂಬ ಮೆಲ್ಲಗೆ. "ಆಕಿ ಬಂದಾಗ ಅಂಗಳದಾಗ ಯಾರೂ ಇಲ್ಲಂದ್ರ ಹೆಂಗ? ಅವ್ವ ಇಲ್ಲಂತ ಹೊಳ್ಳಿ ಹೋಗಿಬಿಡ್ತಾಳ."

ಗೋಡೆ ದಾಟಿದರೆ ಮಗಳು ಬೇರೆ ಮನೆಗೆ ಬಂದಳೆಂದು ಒಪ್ಪಿಕೊಂಡ ಹಾಗೆ. ಅದನ್ನು ಒಪ್ಪುವ ಶಕ್ತಿ ಅವಳಲ್ಲಿರಲಿಲ್ಲ. ಕೈಯಳತೆಯಲ್ಲಿ ಮಗಳು ಸುರಿಯುತ್ತಿದ್ದಳು, ತಾಯಿ ಬಿಸಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ತೋಚಿದತ್ತ ಓಡಾಡಿದೆ. ಕೊಡ, ಹಂಡೆ, ರೊಟ್ಟಿ ಹಿಟ್ಟು ಕಲಸುವ ಪರಾತ, ಸಿಕ್ಕಿದ್ದನ್ನೆಲ್ಲ ಅಂಗಳಕ್ಕೆ ತಂದಿಟ್ಟೆ. ಊರಿನ ಬಟ್ಟೆಯ ಮೇಲೆ ಬಿದ್ದದ್ದು ಬಿತ್ತು, ಮಣ್ಣು ಕುಡಿದದ್ದು ಕುಡಿಯಿತು. ನನ್ನ ಕೈಗೆ ಉಳಿದದ್ದು ಒಂದು ಕೊಡಕ್ಕೆ ತುಸು ಕಡಿಮೆ. ಮಗು ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ ಬಿದ್ದದ್ದು ಬರೀ ನನ್ನ ದಿನದ ಮಳೆ.

ಆ ಸಂಜೆ ದ್ಯಾಮಣ್ಣ ಬಂದು ಕೊಡದ ಮುಂದೆ ಕೂತು ಗೊಳೋ ಎಂದು ಅತ್ತ. ಕೊಡ ಮುಟ್ಟಲಿಲ್ಲ. "ಚಂಪಿ ಅವ್ವ ಬರದ ನಾ ಕುಡಿಯಾಂಗಿಲ್ಲ," ಎಂದು ಎದ್ದು ಹೋದ. ನಾನು ಕೊಡದ ಬಾಯಿಗೆ ಒಗೆದ ಬಿಳಿ ಅರಿವೆ ಕಟ್ಟಿ, ಮೇಲೆ ಚಿಪ್ಪು ಮುಚ್ಚಿಟ್ಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಮಾತನ್ನು ಎಷ್ಟು ಸಲ ಹಗುರವಾಗಿ ಆಡಿದ್ದೇನೋ. ಅಂದು ಅದು ನನ್ನ ಎದೆಯ ಮೇಲೆ ಕೂತಿತ್ತು.

ಬೆಳಗಾದ ಮೇಲೆ ಹೊನ್ನವ್ವ ತಾನಾಗಿ ಬಂದಳು. ಬಾಗಿಲಿನಿಂದ ಬಂದಳು, ಬೇರೆಯವರ ಮನೆಗೆ ಬರುವ ಹಾಗೆ. ಕೊಡದ ಹತ್ತಿರ ಕೂತು, ಅರಿವೆ ಬಿಚ್ಚಿ, ಮುಖ ಒಳಗಿಟ್ಟು ಉಸಿರು ಎಳೆದುಕೊಂಡಳು. ಎಷ್ಟು ಹೊತ್ತಾದರೂ ಮುಖ ತೆಗೆಯಲಿಲ್ಲ. ತೆಗೆದಾಗ ಕಣ್ಣು ಒರೆಸಿಕೊಳ್ಳಲಿಲ್ಲ, ಕೆನ್ನೆಯ ಮೇಲೆ ಆರಲು ಬಿಟ್ಟಳು.

"ಯಾಕ ಇಲ್ಲಿಗೆ ಬಂದ್ಲಕ್ಕಾ? ನಾ ಏನು ಕಡಿಮಿ ಮಾಡಿದ್ದೆ ಆಕಿಗೆ?"

ಗಾಳಿ ತಿರುಗಿತು, ಹಾದಿ ತಪ್ಪಿತು ಎಂದು ಏನಾದರೂ ಹೇಳಬಹುದಿತ್ತು. ಸುಳ್ಳು ಹೇಳಿದ್ದರೆ ಅವಳು ಮನೆಗೆ ಹೋಗಿ, ಮತ್ತೆ ಅದೇ ಒಣ ಅಂಗಳದಲ್ಲಿ, ಎಂದೂ ಬಾರದ ಮಳೆಗೆ ಕಾಯುತ್ತ ಕೂರುತ್ತಿದ್ದಳು. ಅದಕ್ಕೇ ಇದ್ದದ್ದು ಹೇಳಿದೆ.

"ಹಾದಿ ತಪ್ಪಿಲ್ಲವ್ವಾ ಆಕಿ. ನಿನ್ನ ಮನಿ ಮ್ಯಾಲೆ ಬಂದು ನಿಂತಿರಬೇಕು. ಇಳಿಯಾಕ ಕೈ ಹಿಡಿಯೋರು ಬೇಕು. ಕೆಳಗ ಹಬಿ ಇರಲಿಲ್ಲ. ಪಕ್ಕದಾಗ ನನ್ನ ಉಬ್ಬಿ ಏಳತಿತ್ತು, ಅದರ ಜೋಡಿ ಇಳದ್ಲು."

"ಅಂದ್ರ ಮನಿಗೆ ಬಂದಾಕಿನ ನಾನ ಹೊರಗ ನಿಲ್ಲಿಸಿದೆ."

ಅವಳ ಬೆನ್ನ ಮೇಲೆ ಕೈ ಇಟ್ಟೆ. ಕೊಡದ ಕಂಠವನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದಳು. ನನಗೆ ಆಗ ಹೊಳೆಯಿತು, ಹೊಳೆದದ್ದನ್ನು ಹೇಳಲು ಭಯವೂ ಆಯಿತು.

"ನಿನ್ನ ಒಲಿ ಮ್ಯಾಲೆ ಇದನ್ನ ಕುದಿಸೋಣ," ಎಂದೆ. "ನಿನ್ನ ಮನಿಂದ ಎದ್ದದ್ದು ನಿನ್ನ ಮನಿಗೇ ಬರ್ತೈತಿ. ಆದ್ರ ಬೆಚ್ಚಗ ಇರಾಂಗಿಲ್ಲ, ವಾಸನಿ ಇರಾಂಗಿಲ್ಲ. ಅದು ಒಂದ ಸಲ. ಗೊತ್ತೈತಲ್ಲ ನಿನಗ?"

"ಗೊತ್ತೈತಿ." ಕೊಡದ ಮೈ ಸವರುತ್ತ ಕೇಳಿದಳು: "ಕುದಿಸಿದ್ರ ಆಕಿಗೆ ನೋವಾಗ್ತೈತೇನಕ್ಕಾ?"

"ನೋಯೋ ಮೈ ಮಣ್ಣಾಗೈತಿ. ಇದು ನೀರವ್ವಾ."

ಅವಳೂ ಗಂಡನೂ ಮೊದಲು ಒಂದೊಂದು ಗುಟುಕು ಕುಡಿದರು. ದ್ಯಾಮಣ್ಣ ನನ್ನ ಉಬ್ಬೆಯ ಒಲೆಯಿಂದ ಕೆಂಡ ಒಯ್ದ. ತಣ್ಣಗೆ ಬಿದ್ದಿದ್ದ ಒಲೆಯ ಬೂದಿ ತೆಗೆದು ಹೊನ್ನವ್ವ ತಾನೇ ಊದಿ ಹಚ್ಚಿದಳು. ಸುದ್ದಿ ಹೇಗೆ ಹೋಯಿತೋ, ಅಂದು ತಿರುಗಿ ಕಳಿಸಿದ್ದ ಅತ್ತಿಗೆ, ಓಣಿಯ ಹೆಂಗಸರು ಎಲ್ಲ ಸೌದೆ ಹೊತ್ತು ಬಂದರು. ಈ ಸಲ ಹೊನ್ನವ್ವ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ನಡುವೆ ಚಂಪಿಯ ಕೊಡ, ಸುತ್ತ ಅವರೆಲ್ಲರ ಹಂಡೆಗಳು. ಕುದಿ ಬಂದಾಗ ಮನೆಯೆಲ್ಲ ಆ ನೆತ್ತಿಯ ವಾಸನೆ ತುಂಬಿತು, ಹೊನ್ನವ್ವ ಕಣ್ಣು ಮುಚ್ಚಿಕೊಂಡು ಹಬೆಗೆ ಮುಖ ಒಡ್ಡಿ ಕೂತಳು. ನೀರು ಇಳಿಯುತ್ತ ಬಂದ ಹಾಗೆ ವಾಸನೆಯೂ ಇಳಿಯಿತು. ಕೊಡದ ತಳ ಸದ್ದು ಮಾಡತೊಡಗಿದಾಗ ಅತ್ತಿಗೆ ಅದನ್ನು ಕೆಳಗಿಳಿಸಿದಳು. ನಾನು ಮನೆಗೆ ಬಂದು, ಉಬ್ಬೆಯಿಂದ ತೆಗೆದು ಒಗೆದಿದ್ದ ಬಟ್ಟೆಯನ್ನೆಲ್ಲ ಹಿಂಡದೆ ಹಾಗೇ ಹೊತ್ತು ತಂದು ಹೊನ್ನವ್ವನ ಅಂಗಳದ ತುಂಬ ಹರವಿದೆ. ಬೇಡ ಎನ್ನಲಿಲ್ಲ. ಹಗ್ಗದ ಇನ್ನೊಂದು ತುದಿ ಅವಳೇ ಹಿಡಿದು ಕಟ್ಟಿದಳು.

ಮಳೆ ಬಂದದ್ದು ಒಂದು ಬೆಳಗ್ಗೆ, ನಾನು ಅವಳ ಅಂಗಳದಲ್ಲಿ ಒಣಗಿದ್ದನ್ನು ಮಡಚುತ್ತಿದ್ದಾಗ. ಹಂಚಿನ ಮೇಲೆ ಸಣ್ಣಗೆ ಸದ್ದಾಯಿತು. ದ್ಯಾಮಣ್ಣ ಹೆಣೆಯುತ್ತಿದ್ದ ಚಾಪೆ ಬಿಟ್ಟು ಎದ್ದ. ಹೊನ್ನವ್ವ ಒಳಗಿನಿಂದ ಬಂದು ಮೆಟ್ಟಿಲ ಮೇಲೆ ನಿಂತಳು, ಆಮೇಲೆ ಕೆಳಗಿಳಿದಳು. ನನ್ನ ಮೇಲೆ ಬಿದ್ದ ಹನಿ ತಣ್ಣಗಿತ್ತು. ಯಾವ ವಾಸನೆಯೂ ಇಲ್ಲದ, ಯಾರ ಮನೆಯ ಮೇಲಾದರೂ ಬೀಳಬಹುದಾದ ನೀರು. ಮೊದಲೇ ಹೇಳಿದ್ದೆ, ಅವಳಿಗೂ ಗೊತ್ತಿತ್ತು. ಆದರೂ ಹೇಳುವುದು ಬೇರೆ, ಮೈಮೇಲೆ ಬೀಳುವುದು ಬೇರೆ. ಇವಳು ಇಲ್ಲೇ ಕುಸಿದರೆ ಹಿಡಿಯಬೇಕೆಂದು ಮಡಚಿದ್ದನ್ನೆಲ್ಲ ಕೆಸರಿಗೆ ಬಿಟ್ಟು ಹತ್ತಿರ ಹೋದೆ.

ಅವಳು ಕುಸಿಯಲಿಲ್ಲ. ಬಲಗೈ ಮುಂದೆ ಚಾಚಿ, ಅಂಗೈ ಮಗುಚಿ, ಮಳೆಯನ್ನು ಮುಂಗೈಯಿಂದ ಮುಟ್ಟಿ ನೋಡಿದಳು. ತೆಗೆದಳು. ಮತ್ತೆ ಚಾಚಿ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ತಣ್ಣಗೈತಕ್ಕಾ," ಎಂದಳು. "ಜ್ವರ ಬಿಟ್ಟೈತಿ."